ಎದುರು ಮನೆಯ ಆಂಟಿಯ ವಾರ್ಷಿಕ ಮರಣ

ನಮ್ಮ ಎದುರು ಮನೆಯ ಆಂಟಿ ವರ್ಷಕ್ಕೊಮ್ಮೆ ಸಾಯುತ್ತಾರೆ. ತಪ್ಪಿಸಿದ್ದೇ ಇಲ್ಲ! ಅಕ್ಟೋಬರ್ ಮೂವತ್ತೊಂದನೆಯ ತಾರೀಕು ಸಂಜೆ ಐದೂವರೆಗೆ ಸರಿಯಾಗಿ ಸತ್ತರೆ ಎಂಟು ಗಂಟೆಯವರೆಗೆ ಸತ್ತೇ ಇರುತ್ತಾರೆ. ನಡುವೆ ಏನಿಲ್ಲವೆಂದರೂ ನೂರು ಸಲ ಎದ್ದು ಕೂರುತ್ತಾರೆ, ನೂರು ಸಲ ಮತ್ತೆ ಸಾಯುತ್ತಾರೆ. ಎಂಟಕ್ಕೆ ಸೊಂಟ ಹಿಡಿದುಕೊಂಡು ಎದ್ದು, "ಈ ವರ್ಷದ್ದು ಮುಗೀತ್ ನೋಡವಾ" ಎಂದು ಒಳಗೆ ಹೋಗಿ, ಬಿಸಿನೀರಿನಲ್ಲಿ ಮುಖ ತೊಳೆದು, ಮೊಸರನ್ನ ತಿಂದು ಮಲಗುತ್ತಾರೆ. ವಯಸ್ಸು ಎಪ್ಪತ್ತು ದಾಟಿ ಬಹಳ ವರ್ಷಗಳಾದವು. ಆ ವಯಸ್ಸಿನ ಬೇರೆಯವರು ಸಾವಿನ ಹೆಸರೆತ್ತಿದರೆ 'ರಾಮ ರಾಮ' ಎನ್ನುತ್ತಾರೆ. ಇವರು ರಿಹರ್ಸಲ್ ಮಾಡುತ್ತಾರೆ!

ಹ್ಯಾಲೋವೀನ್ ಗೊತ್ತಲ್ಲ? ಮಕ್ಕಳು ಭೂತ ಪಿಶಾಚಿಗಳ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟು ವಸೂಲು ಮಾಡುವ ಹಬ್ಬ. ಸ್ಯಾನ್ ಡಿಯಾಗೋದ ನಮ್ಮ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಉಳಿದವರೆಲ್ಲ ಬಾಗಿಲಿಗೊಂದು ಕುಂಬಳಕಾಯಿ ಇಟ್ಟು, ಕಿಟಕಿಗೊಂದು ಪ್ಲಾಸ್ಟಿಕ್ ಜೇಡ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಈಚೆಗಂತೂ ಅದೂ ಕಡಿಮೆ. ಚಾಕೊಲೇಟಿನ ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು, 'ಒಂದೇ ತೆಗೆದುಕೊಳ್ಳಿ' ಎಂದು ಚೀಟಿ ಅಂಟಿಸಿ, ಒಳಗೆ ಟೀವಿ ನೋಡುತ್ತಾ ಕೂತಿರುತ್ತಾರೆ. ಇಂಥವರನ್ನು ಕಂಡರೆ ಆಂಟಿಗೆ ಮೈಯೆಲ್ಲ ಉರಿ. "ಹಬ್ಬ ಮಾಡೂದಿದ್ರ ನೆಟ್ಟಗ ಮಾಡಬೇಕು. ಹುಡುಗೂರು ಆಸೆಪಟ್ಟು ಬಾಗಿಲಿಗೆ ಬಂದಿರ್ತಾವ. ಛಲೋತ್ನಾಗಿ ಹೆದರಿಸಿ ಕಳಸಬ್ಯಾಡೇನು?"

ಇವರು ಧಾರವಾಡದವರು. ಈ ದೇಶಕ್ಕೆ ಬಂದು ಮತ್ತೆ ಓದಿ ಹಲ್ಲಿನ ಡಾಕ್ಟರಾಗಿ, ಮೂವತ್ತೈದು ವರ್ಷ ಜನರ ಬಾಯಿಗೆ ಕೈ ಹಾಕಿದವರು. ಅಂಥವರು ನಮ್ಮ ಬೀದಿಯಲ್ಲೇ ಅತಿ ದೊಡ್ಡ ಚಾಕೊಲೇಟು ಹಂಚುತ್ತಾರೆ ಎಂದರೆ ನಂಬುತ್ತೀರಾ? ಒಮ್ಮೆ ಕೇಳಿಯೇಬಿಟ್ಟೆ, "ಆಂಟಿ, ಮಕ್ಕಳ ಹಲ್ಲು ಹಾಳಾಗಲ್ವಾ?" "ಹಾಳಾಗಲಿ ಬಿಡು. ಮೊದಲೆಲ್ಲ ನನ್ನ ಕಡೇನ ಬರ್ತಾವ ಅಂತ ಕೊಡ್ತಿದ್ದೆ. ಈಗ ಕ್ಲಿನಿಕ್ ಮುಚ್ಚಿದ್ರೂ ಚಟ ಬಿಟ್ಟಿಲ್ಲ!"

ನಾವು ಈ ಬೀದಿಗೆ ಬಂದದ್ದು 2020ರ ಬೇಸಿಗೆಯಲ್ಲಿ, ಕೊರೊನಾದ ನಡುವೆ. ಗಂಡನ ಕೆಲಸ ಬದಲಾಯಿತೆಂದು ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನಿಂದ ಮನೆ ಖಾಲಿ ಮಾಡಿಕೊಂಡು ಬಂದೆವು. ಅಕ್ಕಪಕ್ಕದವರ ಪರಿಚಯವಿರಲಿ, ಅವರ ಮೂಗು ಬಾಯಿ ಹೇಗಿವೆಯೆಂದೂ ತಿಳಿದಿರಲಿಲ್ಲ. ಎಲ್ಲ ಮಾಸ್ಕಿನ ಒಳಗೆ! ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ನಿಂತಿದ್ದೆ. ಎದುರು ಮನೆಯ ಮುಂದಿನ ಹುಲ್ಲಿನಲ್ಲಿ ವಯಸ್ಸಾದ ಗಂಡಸೊಬ್ಬರು ಗುದ್ದಲಿ ಹಿಡಿದು ಅಗೆಯುತ್ತಿದ್ದಾರೆ. ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟು ಇನ್ನೂ ಆಳಕ್ಕೆ ಅಗೆಯಿರೆಂದು ಸನ್ನೆ ಮಾಡುತ್ತಿದ್ದಾರೆ. ಇಬ್ಬರ ನಡುವೆ ಆರಡಿ ಉದ್ದದ ಮರದ ಪೆಟ್ಟಿಗೆ. ಅದು ಯಾವ ಆಕಾರದ ಪೆಟ್ಟಿಗೆ ಎಂದು ತಿಳಿಯಲು ನನಗೆ ಎರಡು ಗುಟುಕು ಕಾಫಿ ಬೇಕಾಯಿತು.

"ರೀ! ಬೇಗ ಬನ್ನಿ! ಎದುರು ಮನೆಯವ್ರು ಹೆಣ ಹೂಳ್ತಿದಾರೆ!"

ಕಿಟಕಿ ತೆರೆದಿದೆ ಎಂಬುದು ನೆನಪಿರಲಿಲ್ಲ. ಆ ಹೆಂಗಸು ಸರಕ್ಕನೆ ತಿರುಗಿ, ಮಾಸ್ಕು ಗಲ್ಲಕ್ಕಿಳಿಸಿ, ಬೀದಿ ದಾಟಿ ಕೇಳುವಂತೆ ಕೂಗಿದರು: "ಹೆಣ ಇನ್ನೂ ತಯಾರಾಗಿಲ್ರೀ! ಮೂವತ್ತೊಂದಕ್ಕ ಬರ್ರಿ!"

ನನ್ನ ಗಂಡ 911 ಒತ್ತಲು ಹಿಡಿದಿದ್ದ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದರು. ಆಂಟಿಯೊಡನೆ ನಮ್ಮ ಪರಿಚಯವಾದದ್ದು ಹೀಗೆ.

ಆ ಶವಪೆಟ್ಟಿಗೆ ಅಂಕಲ್ ಕೈಯಾರೆ ಮಾಡಿದ್ದು. ಅವರು ಹಡಗು ಕಟ್ಟುವ ಕಂಪನಿಯಲ್ಲಿ ಎಂಜಿನಿಯರಾಗಿದ್ದು ರಿಟೈರಾದವರು. ಹಡಗಿನ ಬುದ್ಧಿ ಎಲ್ಲಿ ಹೋಗಬೇಕು? ಪೆಟ್ಟಿಗೆಯ ಒಂದೊಂದು ಸಂದಿಯನ್ನೂ ಹನಿ ನೀರು ಹೋಗದಂತೆ ಮುಚ್ಚಿದ್ದರು. "ಇದನ್ನ ಸಮುದ್ರಕ್ಕ ಬಿಟ್ರೂ ಮುಳುಗೂದಿಲ್ಲ ನೋಡ್ರಿ" ಎಂದು ನನ್ನ ಗಂಡನಿಗೆ ಹೆಮ್ಮೆಯಿಂದ ತೋರಿಸಿದರು. ಹೆಣಕ್ಕೆ ಈಜುವ ಅವಸರವೇನೋ ನಮಗಂತೂ ತಿಳಿಯಲಿಲ್ಲ! "ಅಳತಿ ಕೊಡು ಅಂದ್ರ ಈಕಿ ಬ್ಲೌಸಿನ ಅಳತಿ ಕೊಟ್ಲು. ಕಡಿಗೆ ಮಲಗಿದಾಗ ನಾನ ಟೇಪು ಹಿಡದೆ" ಎಂದರು. "ಹೌದೌದು, ಕಣ್ಣು ಬಿಟ್ಟು ನೋಡ್ತೇನಿ, ಗಂಡ ನನ್ನ ಪೆಟಿಗಿಗೆ ಅಳತಿ ತೊಗೊಳ್ಳಿಕತ್ತಾನ! ಯಾ ಹೆಂಡ್ತಿಗೆ ಈ ಭಾಗ್ಯ ಅದ?" ಎಂದು ಆಂಟಿ ನಕ್ಕರು. ಅಂಗಳದ ತುಂಬ ಥರ್ಮಾಕೋಲಿನ ಗೋರಿಕಲ್ಲುಗಳು. ಒಂದರ ಮೇಲೆ 'ಹಲ್ಲುಜ್ಜದೆ ಮಲಗಿದವನು ಇಲ್ಲಿ ಮಲಗಿದ್ದಾನೆ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಇನ್ನೊಂದರ ಮೇಲೆ, 'ಆರು ತಿಂಗಳಿಗೆ ಬಾ ಎಂದಿದ್ದೆ. ಬರಲಿಲ್ಲ.'

ಆ ವರ್ಷ ಬೀದಿಯ ಮುಕ್ಕಾಲು ಮನೆಗಳು ದೀಪ ಆರಿಸಿಕೊಂಡು ಕೂತಿದ್ದವು. ಹಬ್ಬ ಮಾಡಬಾರದೆಂದು ಎಲ್ಲರೂ ಹೇಳುತ್ತಿದ್ದರು. ಆಂಟಿ ಮಾತ್ರ ಸತ್ತರು. ಅಂಕಲ್ ಪೆಟ್ಟಿಗೆಯಿಂದ ಫುಟ್‌ಪಾತಿನವರೆಗೆ ಪಿವಿಸಿ ಪೈಪನ್ನು ಇಳಿಜಾರಾಗಿ ಕಟ್ಟಿದ್ದರು. ಮಗು ಆಚೆ ತುದಿಯಲ್ಲಿ ಚೀಲ ಹಿಡಿದು ನಿಂತರೆ ಹೆಣ ಎದ್ದು ಕೂತು ಈಚೆ ತುದಿಯಿಂದ ಚಾಕೊಲೇಟು ಜಾರಿಸುವುದು. ಹೆಣದ ಮುಖಕ್ಕೆ ಬಿಳಿ ಬಣ್ಣ, ಕಣ್ಣಿನ ಸುತ್ತ ಕಪ್ಪು, ಅದರ ಮೇಲೆ ಮಾಸ್ಕು!

"ಸತ್ತ ಮೇಲೂ ಮಾಸ್ಕ್ ಯಾಕೆ ಆಂಟಿ?"

"ನನಗಲ್ಲವಾ. ಹುಡುಗೂರಿಗೆ ಹತ್ತಬಾರದಲ್ಲ."

ಸಾಯುವುದರಲ್ಲಿ ಅವರದೇ ಒಂದು ಪದ್ಧತಿ ಇದೆ. ಐದು ವರ್ಷದೊಳಗಿನ ಮಕ್ಕಳಿಗೆ ಮೆಲ್ಲಗೆ ಕಣ್ಣು ಬಿಟ್ಟು ಮುಗುಳ್ನಗುವುದು, ಅಷ್ಟೇ. ಹತ್ತರವರೆಗಿನವರಿಗೆ ಮೊದಲು ಒಂದು ಕೈ, ಆಮೇಲೆ ಮುಖ. ಹೈಸ್ಕೂಲಿನ ಪುಂಡರು ಬಂದರೆ ಮಾತ್ರ ಹಲ್ಲು ಕೊರೆಯುವ ಡ್ರಿಲ್ಲಿನ ಸದ್ದು ಪೆಟ್ಟಿಗೆಯೊಳಗಿನ ಸ್ಪೀಕರಿನಿಂದ ಜುಯ್ಯೆಂದು ಹೊರಡುತ್ತದೆ! ಮಕ್ಕಳಿಗಿಂತ ಅವರ ಹಿಂದೆ ನಿಂತ ಅಪ್ಪಂದಿರೇ ಹೆಚ್ಚು ಹೆದರುವುದು. ನನ್ನ ಗಂಡನಂತೂ ಹಿಂದಕ್ಕೆ ಹಾರಿ ಗುಲಾಬಿ ಗಿಡದ ಮೇಲೆ ಬಿದ್ದರು. "ಬಾಯಿ ತಗೀರಿ ನೋಡೋಣ" ಎಂದಿತು ಹೆಣ. ಮುಂದಿನ ವಾರವೇ ಅವರು ಎರಡು ವರ್ಷದಿಂದ ತಳ್ಳಿಕೊಂಡು ಬಂದಿದ್ದ ರೂಟ್ ಕೆನಾಲ್‌ಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡರು.

ಇಷ್ಟು ಚೆನ್ನಾಗಿ ಸಾಯಲು ಎಲ್ಲಿ ಕಲಿತಿರೆಂದು ಕೇಳಿದರೆ ಕಾಲೇಜು ನಾಟಕದ ಕಥೆ ಬರುತ್ತದೆ. ಅಲ್ಲಿ ಇವರಿಗೆ ಸಿಕ್ಕಿದ್ದು ಒಂದೇ ಪಾತ್ರ, ಹೆಣದ್ದು. ನಲವತ್ತು ನಿಮಿಷ ಸ್ಟೇಜಿನ ನಡುವೆ ಅಲ್ಲಾಡದೆ ಮಲಗಬೇಕು. "ಮೂಗಿನ್ಯಾಗ ಇರುವಿ ಹೊಕ್ಕಿತ್ತು. ಅಲ್ಲಾಡಲಿಲ್ಲ. ನಾಯಕಿ ಅತಗೋತ ನನ್ನ ಕೈ ತುಳದ್ಲು. ಅಲ್ಲಾಡಲಿಲ್ಲ. ಮರುದಿವಸ ಎಲ್ಲಾರೂ ನಾಯಕಿ ಭಾಳ ಛಲೋ ಮಾಡಿದ್ಲು ಅಂದ್ರು. ಹೆಣದ ಸುದ್ದಿ ಯಾರೂ ಎತ್ತಲಿಲ್ಲ!"

ನಮ್ಮ ಕನ್ನಡದವರಿಗೆ ಇದೆಲ್ಲ ಒಗ್ಗುವುದಾದರೂ ಹೇಗೆ? ನಾವು ಬರುವ ಮೊದಲಿನ ಕಥೆಯೊಂದನ್ನು ಇಲ್ಲಿಯ ಹೆಂಗಸರು ಈಗಲೂ ಹೇಳುತ್ತಾರೆ. ನವರಾತ್ರಿಯೂ ಅಕ್ಟೋಬರಿನಲ್ಲೇ ಬಂದಿತ್ತು. ಆಂಟಿಯ ಮನೆಯೊಳಗೆ ಒಂಬತ್ತು ಮೆಟ್ಟಿಲ ಗೊಂಬೆ, ಹೊರಗೆ ಹನ್ನೆರಡು ಗೋರಿ. ಅರಿಶಿನ ಕುಂಕುಮಕ್ಕೆಂದು ರೇಷ್ಮೆ ಸೀರೆ ಉಟ್ಟು ಬಂದವರು ಗೇಟಿನಲ್ಲೇ ನಿಂತುಬಿಟ್ಟರಂತೆ. "ಏನ್ರೀ ಇದು, ಮುತ್ತೈದೆಯರು ಸ್ಮಶಾನ ದಾಟ್ಕೊಂಡು ಬರಬೇಕಾ?" ಎಂದು ಒಬ್ಬರು ಕೇಳಿದರಂತೆ. ಆಂಟಿ ಉಸಲಿಯ ಬಟ್ಟಲು ಹಿಡಿದೇ ಬಾಗಿಲಿಗೆ ಬಂದು, "ಸ್ಮಶಾನಕ್ಕ ಎಲ್ಲಾರೂ ಹೋಗ್ತಾರ್ರೀ. ದಾಟಿ ಬಂದು ಉಸಲಿ ತಿನ್ನೂ ಭಾಗ್ಯ ನಿಮಗಷ್ಟ!" ಎಂದರಂತೆ.

ಜನವರಿ 2021. ಅಂಕಲ್‌ಗೆ ಕೊರೊನಾ ಬಂತು.

ಆಂಬುಲೆನ್ಸ್ ಬಂದಾಗ ನಾವು ಕಿಟಕಿಯಲ್ಲೇ ನಿಂತಿದ್ದೆವು. ಅಂಕಲ್ ತಾವೇ ನಡೆದು ಹತ್ತಿದರು, ಹತ್ತುವಾಗ ಹಿಂದಕ್ಕೆ ತಿರುಗಿ ಗ್ಯಾರೇಜಿನ ಬಾಗಿಲು ಹಾಕು ಎಂದು ಕೈಸನ್ನೆ ಮಾಡಿದರು. ಹನ್ನೊಂದನೆಯ ದಿನ ತೀರಿಕೊಂಡರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಲಾಂಗ್ ಬೀಚಿನಲ್ಲಿದ್ದ ಮಗಳಿಗೂ ಅದೇ ರೋಗ ಬಂದು ಅವಳು ಕೋಣೆಯಿಂದ ಹೊರಗೆ ಬರುವಂತಿರಲಿಲ್ಲ. ದಹನಕ್ಕೂ ಸರದಿ! ಇಡೀ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸತ್ತವರು ಕ್ಯೂ ನಿಂತಿದ್ದ ದಿನಗಳವು. ಜೀವಮಾನವಿಡೀ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋದ ಮನುಷ್ಯ ಹದಿನೈದು ದಿನ ಕಾದರು. ಕೊನೆಗೆ ಎಲ್ಲವೂ ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಆಯಿತು. ಪುರೋಹಿತರು ಒಂದು ಚೌಕದಲ್ಲಿ, ಮಗಳು ಒಂದು ಚೌಕದಲ್ಲಿ, ಅಂಕಲ್ ಒಂದು ಚೌಕದಲ್ಲಿ. ಆಂಟಿ ಆ ಮನೆಯಲ್ಲಿ ಒಬ್ಬರೇ ಕೂತು ನೋಡಿದರು. ನಾನು ಅವರ ಮನೆಯ ಹೊರಗೆ ಡ್ರೈವ್‌ವೇಯಲ್ಲಿ ಮಾಸ್ಕ್ ಹಾಕಿ ನಿಂತಿದ್ದೆ. ಒಳಗೆ ಹೋಗಿ ಒಂದು ಕೈ ಹಿಡಿಯಲು ನನಗೆ ಧೈರ್ಯವಾಗಲಿಲ್ಲ.

ಒಂದು ತಿಂಗಳು ಅನ್ನ ಸಾರು ಮಾಡಿ ಬಾಗಿಲಲ್ಲಿಟ್ಟು ಬೆಲ್ ಒತ್ತಿ ಓಡಿಬರುತ್ತಿದ್ದೆ. ಡಬ್ಬಿಗಳು ತೊಳೆದು ವಾಪಸು ಬರುತ್ತಿದ್ದವು, ಒಂದೊಂದರಲ್ಲೂ ಒಂದು ಚೀಟಿ. 'ಸಾರಿಗೆ ಉಪ್ಪು ಕಡಿಮಿ.' 'ಪಲ್ಯ ಅಡ್ಡಿಯಿಲ್ಲ.' 'ಚಪಾತಿ ಹಲ್ಲಿಗೆ ಬಿಗಿ. ನಾನ ಡಾಕ್ಟರು, ನನಗ ಗೊತ್ತದ.' ಒಂದು ದಿನ ಚೀಟಿಯಲ್ಲಿ ಏನೂ ಬರೆದಿರಲಿಲ್ಲ. ಖಾಲಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಅಂದು ಅಂಕಲ್ ಹುಟ್ಟಿದ ದಿನವೆಂದು ಎಷ್ಟೋ ಕಾಲದ ಮೇಲೆ ತಿಳಿಯಿತು.

ಅದೇ ಮೇ ತಿಂಗಳಲ್ಲಿ ಮೈಸೂರಿನಲ್ಲಿ ನನ್ನ ಅಮ್ಮ ಹೋದಳು. ನನಗೆ ಹೋಗಲಾಗಲಿಲ್ಲ. ಫೋನಿನಲ್ಲಿ ತಮ್ಮ ತೋರಿಸಿದ ಪ್ಲಾಸ್ಟಿಕ್ ಸುತ್ತಿದ ಆಕಾರವೊಂದನ್ನು ನೋಡಿ ಅದೇ ಅಮ್ಮ ಎಂದುಕೊಂಡೆ. ಬೀದಿಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆ ಎಂದಿತ್ತೋ ಏನೋ.

ಅಕ್ಟೋಬರ್ ಬಂತು. ನಮ್ಮ ಮನೆಯಲ್ಲಿ ಆ ವರ್ಷ ಗೊಂಬೆ ಇಡಲಿಲ್ಲ. ಇಟ್ಟ ಹೆಂಗಸರು ಆಂಟಿಯನ್ನು ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ಗಂಡನಿಲ್ಲದವರನ್ನು ಕರೆದರೆ ಅವರಿಗೇ ಮುಜುಗರವಾಗುತ್ತದೆ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ನಾನೂ ಹೂಂ ಎಂದೆ. ಇದನ್ನು ಬರೆಯಲು ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ. ನಾನೂ ಹೂಂ ಎಂದೆ.

ಹೀಗಿರುವಾಗ ಒಂದು ಬೆಳಿಗ್ಗೆ ನೋಡುತ್ತೇನೆ, ಎದುರು ಮನೆಯ ಗ್ಯಾರೇಜಿನಿಂದ ಆ ಪೆಟ್ಟಿಗೆ ಹೊರಗೆ ಬರುತ್ತಿದೆ! ಆಂಟಿ ಒಬ್ಬರೇ ಅದಕ್ಕೆ ಹಗ್ಗ ಕಟ್ಟಿ, ಕೆಳಗೊಂದು ಹಳೆಯ ಜಮಖಾನೆ ಹಾಸಿ, ಇಷ್ಟಿಷ್ಟೇ ಎಳೆಯುತ್ತಿದ್ದಾರೆ. ಗಂಡ ಸತ್ತು ವರ್ಷ ತುಂಬಿಲ್ಲ! ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿದೆ.

"ಆಂಟಿ, ಈ ವರ್ಷನಾದ್ರೂ ಇದನ್ನ ಬಿಡಬಾರ್ದಾ?"

"ಯಾಕವಾ?"

"ಯಾಕೆ ಅಂತೀರಲ್ಲ! ನಿಮಗೆ ಸಾವು ಅಂದ್ರೆ ಆಟ. ನಮಗಲ್ಲ. ದಿನಾ ಬೆಳಗಾದ್ರೆ ನನ್ನ ಕಿಟಕಿಯಿಂದ ಈ ಪೆಟ್ಟಿಗೇನ ನೋಡ್ಬೇಕಾ ನಾನು? ನಮ್ಮಮ್ಮ ಹೋಗಿ ಐದು ತಿಂಗಳಾಯ್ತು. ಮುಖ ಕೂಡ ನೋಡ್ಲಿಲ್ಲ ನಾನು!"

ಆಂಟಿ ಹಗ್ಗವನ್ನು ಕೆಳಗೆ ಹಾಕಿದರು.

"ನಿಮ್ಮವ್ವ ಹೋಗಿದ್ದು ನನಗ್ಯಾಕ ಹೇಳಲಿಲ್ಲ ನೀನು?"

ನಾನು ನನ್ನ ಬರಿಗಾಲನ್ನು ನೋಡಿಕೊಂಡೆ.

"ಎದುರಿಗೇ ಇದ್ದೇನಲ್ಲವಾ. ಒಂದು ತಿಂಗಳು ನನ್ನ ಬಾಗಿಲಿಗೆ ಊಟ ತಂದಿಟ್ಟಿ. ನಿನಗೊಂದು ಹಿಡಿ ಅನ್ನ ಮಾಡಿ ಕೊಡ್ತಿರಲಿಲ್ಲೇನು ನಾನು?"

ಅಲ್ಲೇ ಪೆಟ್ಟಿಗೆಯ ಮುಚ್ಚಳದ ಮೇಲೆ ನನ್ನನ್ನು ಕೂರಿಸಿದರು. ಒಳಗೆ ಹೋಗಿ ಚಹಾ ಮಾಡಿ ತಂದು ಪಕ್ಕದಲ್ಲಿ ಕೂತರು. ಶವಪೆಟ್ಟಿಗೆಯ ಮೇಲೆ ಕೂತು ಚಹಾ ಕುಡಿಯುವ ಇಬ್ಬರು ಹೆಂಗಸರನ್ನು ಕಂಡು ನಾಯಿ ಅಡ್ಡಾಡಿಸುತ್ತಿದ್ದ ಬಿಳಿಯನೊಬ್ಬ ಆಚೆಯ ಫುಟ್‌ಪಾತಿಗೆ ದಾಟಿದ.

"ಸುಡೂಕಿಂತ ಮೊದಲ ಅವರನ್ನ ಪೆಟಿಗ್ಯಾಗ ಇಟ್ಟಿದ್ದು ನಾ ಟ್ಯಾಬ್ಲೆಟ್‌ನ್ಯಾಗ ನೋಡ್ದೆ" ಎಂದರು ಆಂಟಿ. "ಮುಚ್ಚಳ ಮುಚ್ಚೂ ಹೊತ್ತಿಗೆ ನೆಟ್ ಹೋತು. ಒಂದು ಚಕ್ರ ತಿರಗತಿತ್ತು. ಮತ್ತ ಬಂದಾಗ ಮುಚ್ಚಿಬಿಟ್ಟಿತ್ತು. ಒಳಗ ಹೆಂಗಿರ್ತದೋ, ಇಕ್ಕಟ್ಟೋ, ಅವರಿಗೆ ಉಸಿರು ಕಟ್ಟಿತೋ ಅಂತ ನಿದ್ದಿ ಇಲ್ಲ ನನಗ. ಸತ್ತವರಿಗೆ ಉಸಿರು ಎಲ್ಲಿಂದ ಬಂತು ಅಂತೀಯೇನು? ಗೊತ್ತದ. ನಾನೂ ಡಾಕ್ಟರು. ಆದ್ರೂ ಮೊನ್ನೆ ಗ್ಯಾರೇಜಿಗೆ ಹೋಗಿ ಇದರಾಗ ಮಲಗಿ ಮುಚ್ಚಳ ಎಳಕೊಂಡೆ. ಇನ್ನೂ ಅವರ ಕೈಯ ವಾರ್ನಿಶಿನ ವಾಸನಿ ಬರ್ತದ. ಇಕ್ಕಟ್ಟೇನಿಲ್ಲವಾ. ಆರಾಮ ಅದ."

ನಾನು ಅತ್ತೆ. ಮೇ ತಿಂಗಳಿಂದ ಅತ್ತಿರಲಿಲ್ಲ. ಆಂಟಿ ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಳು ಮುಗಿದ ಮೇಲೆ ಕಪ್ಪು ಎತ್ತಿಕೊಂಡು ಎದ್ದು, "ಹೊಗಿ ಮೆಷಿನ್ ಅವರು ನೋಡಿಕೋತಿದ್ರು. ಈಗ ಯಾರೂ ಇಲ್ಲ. ನಿನಗ ಬರ್ತದೇನು?" ಎಂದರು.

ಹೀಗೆ ನಾನು, ಮೈಸೂರಿನ ಸಂಭಾವಿತ ಮನೆತನದ ಹೆಣ್ಣುಮಗಳು, ಲ್ಯಾಬಿನಲ್ಲಿ ಗೌರವದ ಕೆಲಸದಲ್ಲಿರುವವಳು, ಸ್ಮಶಾನದ ಸಿಬ್ಬಂದಿಯಾದೆ! ಬೇಲಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಮಕ್ಕಳು ಬಂದಾಗ ಗುಂಡಿ ಒತ್ತಿ ಹೊಗೆ ಬಿಡಬೇಕು. ಮೊದಲ ವರ್ಷ ಹೊಗೆ ಹೆಚ್ಚಾಗಿ ಹೆಣಕ್ಕೆ ಕೆಮ್ಮು ಬಂತು. ಕೆಮ್ಮುವ ಹೆಣವನ್ನು ಕಂಡು ಆ ಕೊರೊನಾ ಕಾಲದಲ್ಲಿ ಮಕ್ಕಳು ಹೆದರಿದಷ್ಟು ಎಂದೂ ಹೆದರಿರಲಿಲ್ಲ. ಚಾಕೊಲೇಟನ್ನೂ ತೆಗೆದುಕೊಳ್ಳದೆ ಓಡಿಹೋದರು! "ನೀ ನನ್ನ ಖರೇನ ಕೊಲ್ತಿ" ಎಂದು ಬೈಸಿಕೊಂಡೆ. ಮರುವರ್ಷ ಗೊಂಬೆ ಕೂರಿಸಿದಾಗ ಮೊದಲು ಕರೆದದ್ದು ಆಂಟಿಯನ್ನೇ. ಬಂದ ಇಬ್ಬರು ಹೆಂಗಸರು ನಾನು ಆಂಟಿಗೆ ಕುಂಕುಮ ಕೊಡುವುದನ್ನು ನೋಡಿ ಮುಖ ಮುಖ ನೋಡಿಕೊಂಡರು. ಆಂಟಿ ಕುಂಕುಮ ಹಚ್ಚಿಕೊಂಡು, "ಉಪ್ಪು ಈ ಸಲ ಸರಿ ಬಿದ್ದದ" ಎಂದು ಉಸಲಿಯನ್ನು ಎರಡನೆಯ ಸಲ ಹಾಕಿಸಿಕೊಂಡರು.

2023ರ ಅಕ್ಟೋಬರಿನಲ್ಲಿ ಆಂಟಿಯ ಪಕ್ಕದ ಮನೆ ಮಾರಾಟಕ್ಕೆ ಬಂತು. ಮನೆ ನೋಡಲು ಜನ ಬರುವ ಭಾನುವಾರ ಏಜೆಂಟಮ್ಮ ಆಂಟಿಯ ಬಾಗಿಲಿಗೆ ಬಂದು ಕೈಮುಗಿಯುವುದೊಂದು ಬಾಕಿ. ದಯವಿಟ್ಟು ಇವತ್ತೊಂದು ದಿನ ಆ ಪೆಟ್ಟಿಗೆಯನ್ನು ಒಳಗಿಡುತ್ತೀರಾ? "ಮನಿ ತೊಗೊಳ್ಳೂರಿಗೆ ಮಗ್ಗಲ ಮನ್ಯಾಗ ಯಾರಿದ್ದಾರ ಅಂತ ಮೊದಲ ಗೊತ್ತಾಗಬೇಕಲ್ಲ? ಆಮ್ಯಾಲೆ ಮೋಸ ಆತು ಅನ್ನಬಾರದು" ಎಂದು ಆಂಟಿ ನನಗೆ ಕನ್ನಡದಲ್ಲಿ ಹೇಳಿ, ಅವಳಿಗೆ ಇಂಗ್ಲಿಷಿನಲ್ಲಿ "ಸಾರಿ" ಎಂದರು.

ಬಂದವರಲ್ಲಿ ಹೆಚ್ಚಿನವರು ಗೋರಿಗಳನ್ನು ಕಂಡು ಬೇಗ ಬೇಗ ಕಾರು ಹತ್ತಿದರು. ಒಂದು ಕುಟುಂಬ ಮಾತ್ರ ನಿಂತಿತು. ಗಂಡ, ಹೆಂಡತಿ, ನಾಲ್ಕು ವರ್ಷದ ಹುಡುಗಿ. ಹೆಂಡತಿಗೆ ಮೂವತ್ತೈದು ಇರಬಹುದು. ತಲೆಗೆ ಹಳದಿ ಸ್ಕಾರ್ಫ್ ಬಿಗಿಯಾಗಿ ಕಟ್ಟಿಕೊಂಡಿದ್ದಳು, ಹುಬ್ಬುಗಳಿರಲಿಲ್ಲ. ಯಾವ ಕಾಯಿಲೆ, ಯಾವ ಔಷಧಿ ಎಂದು ಕೇಳುವ ಅಗತ್ಯವಿರಲಿಲ್ಲ. ಅವಳು ಗೋರಿಕಲ್ಲುಗಳನ್ನು ಒಂದೊಂದಾಗಿ ಓದಿ ಗಟ್ಟಿಯಾಗಿ ನಕ್ಕಳು. ಪೆಟ್ಟಿಗೆಯ ಹತ್ತಿರ ಬಂದು ಆಂಟಿಯನ್ನು ಕೇಳಿದಳು, "ಒಳಗೆ ಆರಾಮವಾಗಿದೆಯಾ?"

"ಬೇಕಾದರೆ ನೋಡು" ಎಂದರು ಆಂಟಿ.

ನಾನು, ಏಜೆಂಟಮ್ಮ, ಅವಳ ಗಂಡ ಮೂವರೂ ಒಟ್ಟಿಗೆ ಬೇಡವೆಂದು ಬಾಯಿ ತೆರೆದೆವು. ಅಷ್ಟರಲ್ಲಿ ಅವಳು ಚಪ್ಪಲಿ ಕಳಚಿ ಒಳಗೆ ಮಲಗಿಯಾಗಿತ್ತು. ಕೈಗಳನ್ನು ಎದೆಯ ಮೇಲೆ ಜೋಡಿಸಿ ಕಣ್ಣು ಮುಚ್ಚಿದಳು. ಹುಡುಗಿ ಪೆಟ್ಟಿಗೆಯ ಅಂಚು ಹಿಡಿದು ಬಗ್ಗಿ ನೋಡಿದಳು. ಒಂದು, ಎರಡು, ಮೂರು ಕ್ಷಣ. ಗಂಡ ಮುಖ ಆಚೆ ತಿರುಗಿಸಿದ. ಆಮೇಲೆ ತಾಯಿ 'ಬೂ!' ಎಂದು ಎದ್ದು ಕೂತಳು. ಹುಡುಗಿ ಕಿರುಚಿ, ನಕ್ಕು, ಮತ್ತೊಂದು ಸಲ, ಮತ್ತೊಂದು ಸಲ ಎಂದು ಕುಣಿದಳು. ಆಕೆ ಇನ್ನೂ ನಾಲ್ಕು ಸಲ ಸತ್ತು ಎದ್ದಳು. ಆಂಟಿ ಪಕ್ಕದಲ್ಲಿ ನಿಂತು ಕೈ ಯಾವಾಗ ಎತ್ತಬೇಕು, ಕಣ್ಣು ಯಾವಾಗ ಬಿಡಬೇಕು ಎಂದು ತಾಲೀಮು ಕೊಟ್ಟರು.

ಆ ಮನೆಯನ್ನು ಅವರೇ ಕೊಂಡರು. ಆಕೆಯದೇ ಹಟವಂತೆ. ಇಂಥ ನೆರೆಮನೆ ಬೇರೆಲ್ಲಿ ಸಿಗುತ್ತದೆ ಎಂದಳಂತೆ. ಡಿಸೆಂಬರಿನಲ್ಲಿ ಬಂದರು. ವಸಂತದಲ್ಲಿ ಆಕೆ ಅಂಗಳದಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದಳು, ಆಂಟಿ ತಿಳಿಸಾರು ತೆಗೆದುಕೊಂಡು ಹೋಗುತ್ತಿದ್ದರು. ಜುಲೈನಲ್ಲಿ ಕುರ್ಚಿ ಖಾಲಿಯಾಯಿತು.

ಆ ಅಕ್ಟೋಬರಿನಲ್ಲಿ ಮೊದಲ ಸಲ ಆಂಟಿ ಅನುಮಾನಿಸಿದ್ದನ್ನು ಕಂಡೆ. ತಿಂಗಳ ಮಧ್ಯ ದಾಟಿದರೂ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. "ಅವ್ವನ್ನ ಹೂತಿದ್ದು ನೋಡ್ಯಾದ ಆ ಕೂಸು. ಮಗ್ಗಲದಾಗ ನಾ ಪೆಟಿಗಿ ಇಟಗೊಂಡು ಕುಣೀಲೇನು? ಬ್ಯಾಡವಾ, ಈ ವರ್ಷ ಸಾಕು" ಎಂದರು. ಹುಡುಗಿಯ ತಂದೆಯೇ ಬಂದು ಬಾಗಿಲು ತಟ್ಟಿದ. ಮಗಳು ದಿನವೂ ಕೇಳುತ್ತಿದ್ದಾಳೆ, ಆ ಪೆಟ್ಟಿಗೆ ಯಾವಾಗ ಹೊರಗೆ ಬರುತ್ತದೆ ಎಂದು. ದಯವಿಟ್ಟು ಇಡಿ, ನನ್ನ ಹೆಂಡತಿಗೂ ಅದೇ ಇಷ್ಟವಿತ್ತು. ಅವನೇ ಒಂದು ಕಡೆ ಹಿಡಿದು ಪೆಟ್ಟಿಗೆ ಹೊರಗಿಡಿಸಿದ.

ಮೂವತ್ತೊಂದರ ಸಂಜೆ ಐದೂವರೆಗೆ ಆಂಟಿ ಸತ್ತರು. ನಾನು ಬೇಲಿಯ ಹಿಂದೆ ಕೂತೆ. ಮೊದಲು ಬಂದವಳೇ ಪಕ್ಕದ ಮನೆಯ ಹುಡುಗಿ. ಜೇನುಹುಳದ ವೇಷ, ತಲೆಯ ಮೇಲೆ ಎರಡು ಕುಡಿಮೀಸೆ, ಒಂದು ಬಗ್ಗಿತ್ತು. ತಂದೆ ಫುಟ್‌ಪಾತಿನಲ್ಲೇ ನಿಂತ. ಅವಳು ಗೋರಿಗಳ ನಡುವೆ ನಡೆದು ಬಂದು ಪೆಟ್ಟಿಗೆಯ ಅಂಚು ಹಿಡಿದು ನಿಂತಳು. ಆಂಟಿ ಸಣ್ಣವರ ಪದ್ಧತಿಯಂತೆ ಮೆಲ್ಲಗೆ ಕಣ್ಣು ಬಿಟ್ಟು ಮುಗುಳ್ನಕ್ಕು ಚಾಕೊಲೇಟು ಚಾಚಿದರು. ಹುಡುಗಿ ಅದನ್ನು ತೆಗೆದುಕೊಳ್ಳಲಿಲ್ಲ.

"ನೀನು ಹೇಗೆ ಏಳ್ತೀಯ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅದೊಂದು ಗುಟ್ಟು" ಎಂದಿತು ಹೆಣ, ಭೂತದ ದನಿಯಲ್ಲಿ.

"ನಮ್ಮಮ್ಮ ಈ ಪೆಟ್ಟಿಗೆಯಲ್ಲಿ ಮಲಗಿ ಎದ್ದಿದ್ದಳು. ಐದು ಸಲ. ನಾನು ನೋಡಿದ್ದೆ. ಆಮೇಲೆ ಅವಳನ್ನ ಬೇರೆ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರು. ಅದು ತಪ್ಪು ಪೆಟ್ಟಿಗೆ." ಹುಡುಗಿ ದನಿ ತಗ್ಗಿಸಿದಳು. "ಇದನ್ನ ನಮಗೆ ಕೊಡ್ತೀಯಾ?"

ತಂದೆ ಎರಡು ಹೆಜ್ಜೆ ಮುಂದೆ ಬಂದ. ಆಂಟಿ ಪೆಟ್ಟಿಗೆಯೊಳಗಿಂದಲೇ ಕೈ ಎತ್ತಿ ಅವನನ್ನು ತಡೆದರು. ನನ್ನ ಬೆರಳು ಮೆಷಿನಿನ ಗುಂಡಿಯ ಮೇಲಿತ್ತು. ಯಾವಾಗ ಆರಿಸಿದೆನೋ ನೆನಪಿಲ್ಲ.

"ಅಯ್ಯ, ನನ್ನ ಕೂಸ" ಎಂದರು ಆಂಟಿ ಕನ್ನಡದಲ್ಲೇ. ಎದ್ದು ಕೂತು, ಮೈಮೇಲಿನ ಬಿಳಿ ಬಟ್ಟೆಯಿಂದ ಮುಖ ಒರೆಸಿಕೊಂಡರು. ಬಣ್ಣ ಪೂರ್ತಿ ಹೋಗಲಿಲ್ಲ. ಒಂದು ಕೆನ್ನೆ ಹೆಣದ್ದು, ಒಂದು ಕೆನ್ನೆ ಅವರದು. ಆಮೇಲೆ ಆ ಹುಡುಗಿಯ ಭಾಷೆಯಲ್ಲಿ, ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದಿರಬಹುದಾದ ದನಿಯಲ್ಲಿ ಹೇಳಿದರು.

"ಪೆಟ್ಟಿಗೆಯಿಂದ ಏನೂ ಆಗೋದಿಲ್ಲ, ಮಗೂ. ನಾನು ಸತ್ತಿರಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿದ್ದೆ. ಆವತ್ತು ನಿಮ್ಮಮ್ಮನೂ ಅಷ್ಟೇ, ಆಟ ಆಡಿದಳು." ಹುಡುಗಿಯ ಕೈ ಹಿಡಿದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. "ಇಲ್ಲಿ ಬಡೀತಾ ಇದೆಯಲ್ಲ, ಅದಕ್ಕೇ ನಾನು ಏಳ್ತೀನಿ. ನಿಮ್ಮಮ್ಮಂದು ನಿಂತುಹೋಯಿತು. ನಿಂತವರು ಏಳೋದಿಲ್ಲ. ಯಾರೂ ತಪ್ಪು ಮಾಡಲಿಲ್ಲ."

ಹುಡುಗಿ ತಲೆ ಎತ್ತಿದಳು. "ನಿಂದೂ ನಿಲ್ಲುತ್ತಾ?"

"ನಿಲ್ಲುತ್ತೆ."

"ಇವತ್ತಾ?"

"ಇವತ್ತಲ್ಲ. ಬೇಕಾದರೆ ನೀನೇ ನೋಡು."

ಹುಡುಗಿ ಕೈ ತೆಗೆಯಲಿಲ್ಲ. ಇನ್ನೊಂದು ಕೈಯನ್ನೂ ಇಟ್ಟು, ತುಟಿ ಅಲ್ಲಾಡಿಸುತ್ತಾ ಬಡಿತ ಎಣಿಸತೊಡಗಿದಳು. ಅಷ್ಟರಲ್ಲಿ ಹೈಸ್ಕೂಲಿನ ಹುಡುಗರ ದಂಡೊಂದು ಡ್ರಿಲ್ಲಿನ ಸದ್ದಿನ ಆಸೆಯಿಂದ ಗಲಾಟೆ ಮಾಡುತ್ತಾ ಬಂದು, ಇವರಿಬ್ಬರನ್ನು ಕಂಡು ಫುಟ್‌ಪಾತಿನಲ್ಲೇ ನಿಂತಿತು. ಅವರ ಹಿಂದೆ ಇನ್ನೂ ಯಾರೋ ಬಂದು ನಿಂತರು. ಹದಿನಾಲ್ಕರ ನಂತರ ಹುಡುಗಿಗೆ ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದಳು. ಮತ್ತೆ ತಪ್ಪಿತು, ಮತ್ತೆ ಒಂದರಿಂದ. ಆಂಟಿ ಅಲ್ಲಾಡಲಿಲ್ಲ.